ಎರಡು ಫೈಲಿನ ವ್ಯತ್ಯಾಸ ಪಟ್ಟಿಯಲ್ಲೇ ಕಾಣಬೇಕು

ಉಡುಪಿಯ ರಥಬೀದಿಯಿಂದ ಸ್ವಲ್ಪ ಈಚೆಗೆ ನಮ್ಮದೊಂದು ಸಣ್ಣ ಡಿಟಿಪಿ ಅಂಗಡಿ. ಮದುವೆ ಕಾಗದ, ದೈವದ ನೇಮದ ಆಮಂತ್ರಣ, ಯಕ್ಷಗಾನದ ಹ್ಯಾಂಡ್‌ಬಿಲ್, ಬಿಲ್ ಬುಕ್, ಬ್ಯಾನರ್ ಎಲ್ಲ ಮಾಡುತ್ತೇವೆ. ಕೆಲಸ ಕಲಿಯಲಿಕ್ಕೆ ಬರುವ ಮಕ್ಕಳಿಗೆ ಡಿಸೈನ್ ಮಾಡುವ ಕೋರೆಲ್ ಡ್ರಾ ಕಲಿಯುವ ಅವಸರ. ನಾನು ಮೊದಲು ಕೂರಿಸುವುದು ಮಾತ್ರ ಫೈಲುಗಳ ಪಟ್ಟಿ ತೋರಿಸುವ ಫೈಲ್ ಎಕ್ಸ್‌ಪ್ಲೋರರ್ ಎದುರು. "ಅಕ್ಕ, ಇದರಲ್ಲಿ ಕಲಿಯಲಿಕ್ಕೆ ಎಂತ ಉಂಟು?" ಅಂತ ಕೇಳುತ್ತಾರೆ. ತುಂಬಾ ಉಂಟು.

ನಮ್ಮ ಕೆಲಸದಲ್ಲಿ ಫೈಲ್ ಕಳೆದುಹೋಗುವುದು ಕಮ್ಮಿ. ಒಂದೇ ತರ ಕಾಣುವ ನಾಲ್ಕು ಫೈಲಿನಲ್ಲಿ ಯಾವುದು ಪ್ರಿಂಟಿಗೆ ಹೋಗಬೇಕು ಅಂತ ಗೊತ್ತಾಗದೆ ನಿಲ್ಲುವುದೇ ಜಾಸ್ತಿ. ಹಾಗಾಗಿ ನಾನು ನೋಡುವುದು ಒಂದೇ. ಈ ಫೈಲು ಪಕ್ಕದ ಫೈಲಿಗಿಂತ ಎಲ್ಲಿ ಬೇರೆ ಅಂತ ತೆರೆಯದೆಯೇ, ಪಟ್ಟಿಯಲ್ಲೇ ಕಾಣಬೇಕು. ಅದು ಕಾಣದಿದ್ದರೆ ಸ್ಕ್ರೀನ್ ತುಂಬ ಮಾಹಿತಿ ಇದ್ದೂ ಪ್ರಯೋಜನ ಇಲ್ಲ.

ಇಲ್ಲಿ ಹೇಳುವುದು ವಿಂಡೋಸ್ 10 ಮತ್ತು 11ಕ್ಕೆ. ನಮ್ಮ ಕಡೆ ಹೆಚ್ಚಿನ ಅಂಗಡಿಗಳಲ್ಲಿ ಇರುವುದು ಅದೇ. ಮ್ಯಾಕ್ ಇದ್ದವರಿಗೆ ಕೊನೆಯಲ್ಲಿ ನಾಲ್ಕು ಮಾತು ಉಂಟು.

ಮೊದಲು ಡೀಟೇಲ್ಸ್

ಫೋಲ್ಡರ್ ತೆರೆದು ಕಂಟ್ರೋಲ್, ಶಿಫ್ಟ್ ಒಟ್ಟಿಗೆ ಹಿಡಿದು 6 ಒತ್ತಿ. ಡೀಟೇಲ್ಸ್ ವ್ಯೂ ಬರುತ್ತದೆ: ಒಂದು ಸಾಲಿಗೆ ಒಂದು ಫೈಲ್, ಮೇಲೆ ಕಾಲಮ್ಮುಗಳ ಹೆಸರು. 6ರ ಬದಲು 1 ಒತ್ತಿದರೆ ದೊಡ್ಡ ದೊಡ್ಡ ಚಿತ್ರ. ಕಂಟ್ರೋಲ್ ಹಿಡಿದು ಮೌಸಿನ ಚಕ್ರ ತಿರುಗಿಸಿದರೂ ಒಂದರಿಂದ ಇನ್ನೊಂದಕ್ಕೆ ಹೋಗಬಹುದು. ಈ ಎರಡು ವ್ಯೂ ಸಾಕು. ಉಳಿದ ಟೈಲ್ಸ್, ಕಂಟೆಂಟ್ ಎಲ್ಲ ನಾನು ಬಳಸುವುದೇ ಇಲ್ಲ. ಅವು ಜಾಗ ತಿನ್ನುತ್ತವೆ, ಹೋಲಿಸಿ ನೋಡಲಿಕ್ಕೆ ಬಿಡುವುದಿಲ್ಲ. ಹೋಲಿಸಬೇಕಾದರೆ ತಾರೀಕಿನ ಕೆಳಗೆ ತಾರೀಕು, ಸೈಜಿನ ಕೆಳಗೆ ಸೈಜ್ ನೇರ ಬರಬೇಕು. ಅದು ಡೀಟೇಲ್ಸಿನಲ್ಲಿ ಮಾತ್ರ ಸಿಗುತ್ತದೆ.

ಮದುಮಕ್ಕಳ ಫೋಟೊ ಆರಿಸುವಾಗ ಮಾತ್ರ ದೊಡ್ಡ ಚಿತ್ರ ಬೇಕು. ಕಣ್ಣು ಮುಚ್ಚಿದ ಫೋಟೊವನ್ನು ತಾರೀಕು ನೋಡಿ ಕಂಡುಹಿಡಿಯಲಿಕ್ಕೆ ಆಗುವುದಿಲ್ಲ ಅಲ್ವಾ. ಚಿತ್ರದ ಬದಲು ಬರೀ ಐಕಾನ್ ಕಂಡರೆ ಫೋಲ್ಡರ್ ಆಪ್ಶನ್ಸಿನ ವ್ಯೂ ಟ್ಯಾಬಿನಲ್ಲಿ 'ಆಲ್ವೇಸ್ ಶೋ ಐಕಾನ್ಸ್, ನೆವರ್ ಥಂಬ್‌ನೇಲ್ಸ್' ಅಂತ ಇರುವಲ್ಲಿ ಟಿಕ್ ತೆಗೆಯಿರಿ.

ಪಟ್ಟಿ ಮತ್ತು ಚಿತ್ರ ಎರಡೂ ಬೇಕಾದರೆ ಡೀಟೇಲ್ಸ್ ಇಟ್ಟುಕೊಂಡೇ ಆಲ್ಟ್ ಮತ್ತು ಪಿ ಒತ್ತಿ. ಬಲಗಡೆ ಪ್ರಿವ್ಯೂ ಬರುತ್ತದೆ. ಬಾಣದ ಕೀಲಿಯಲ್ಲಿ ಕೆಳಗೆ ಇಳಿಯುತ್ತಾ ಹೋದರೆ ಒಂದೊಂದೇ ಚಿತ್ರ ಕಾಣುತ್ತದೆ, ಫೈಲ್ ತೆರೆಯುವ ಕೆಲಸ ಇಲ್ಲ. ಹಳೆ ಕಂಪ್ಯೂಟರಿನಲ್ಲಿ ಸ್ವಲ್ಪ ನಿಧಾನ ಆಗಬಹುದು, ಬೇಡದಾಗ ಮುಚ್ಚಿಡಿ.

ಶ್ರೀಕಾರ ಪತ್ರಿಕೆಯ ಒಳಗೆ ಇರಲಿ

ಈಗ ನಮ್ಮ ಊರಿನ ದೊಡ್ಡ ತಾಪತ್ರಯಕ್ಕೆ ಬರುವ. ಇಲ್ಲಿ ಬರುವ ಕೆಲಸದಲ್ಲಿ ಅರ್ಧಕ್ಕರ್ಧ ದೇವಸ್ಥಾನದ್ದು, ದೈವಸ್ಥಾನದ್ದು. ಫೈಲಿಗೆ ಹೆಸರು ಕೊಡುವಾಗ ಪತ್ರಿಕೆಯ ಮೊದಲ ಸಾಲನ್ನೇ ಹಾಕುವ ಅಭ್ಯಾಸ. 'ಶ್ರೀ ಕ್ಷೇತ್ರ' ಅಂತ ಶುರುವಾಗಿ, ಊರಿನ ಹೆಸರು ಬಂದು, 'ಬ್ರಹ್ಮಕಲಶೋತ್ಸವ ಆಮಂತ್ರಣ ಪತ್ರಿಕೆ' ಆಗಿ, ಕಟ್ಟಕಡೆಗೆ 'ಕರೆಕ್ಷನ್ 1', 'ಕರೆಕ್ಷನ್ 2'. ಹೆಸರಿನ ಕಾಲಮ್ ಅಗಲ ಸಾಲದಿದ್ದರೆ ಎಕ್ಸ್‌ಪ್ಲೋರರ್ ಕೊನೆಯನ್ನು ಕತ್ತರಿಸಿ ಮೂರು ಚುಕ್ಕಿ ಇಡುತ್ತದೆ. ಆಗ ಕಾಣುವುದು ಎಂತ? 'ಶ್ರೀ ಕ್ಷೇತ್ರ' ಮತ್ತು ಮೂರು ಚುಕ್ಕಿ. ಕೆಳಗಿನ ಸಾಲಿನಲ್ಲೂ ಅದೇ, ಅದರ ಕೆಳಗೂ ಅದೇ. ಬೇರೆಬೇರೆ ದೇವಸ್ಥಾನದ್ದು ಕೂಡ ಎಲ್ಲ 'ಶ್ರೀ' ಕೆಳಗೆ ಒಟ್ಟಾಗಿ ಕೂತಿರುತ್ತದೆ. ಯಾವ ಭಾಗ ಬೇರೆಯೋ ಅದೇ ಕಾಣುವುದಿಲ್ಲ.

ತಕ್ಷಣದ ಪರಿಹಾರ ಸುಲಭ. ಎರಡು ಕಾಲಮ್ಮಿನ ಹೆಸರುಗಳ ನಡುವೆ ಇರುವ ಸಣ್ಣ ಗೆರೆಯ ಮೇಲೆ ಡಬಲ್ ಕ್ಲಿಕ್ ಮಾಡಿ. ಅತಿ ಉದ್ದದ ಹೆಸರಿಗೆ ತಕ್ಕ ಹಾಗೆ ಕಾಲಮ್ ಅಗಲವಾಗುತ್ತದೆ. ಎಲ್ಲ ಕಾಲಮ್ ಒಮ್ಮೆಗೇ ಸರಿ ಆಗಬೇಕಾದರೆ ಕಂಟ್ರೋಲ್ ಹಿಡಿದು ಕೀಬೋರ್ಡಿನ ಬಲಗಡೆ ನಂಬರ್ ಪ್ಯಾಡಿನ ಪ್ಲಸ್ ಒತ್ತಿ. ಲ್ಯಾಪ್‌ಟಾಪಿನಲ್ಲಿ ನಂಬರ್ ಪ್ಯಾಡ್ ಇಲ್ಲದಿದ್ದರೆ ಕಾಲಮ್ ಹೆಸರಿನ ಮೇಲೆ ರೈಟ್ ಕ್ಲಿಕ್ ಮಾಡಿ 'ಸೈಜ್ ಆಲ್ ಕಾಲಮ್ಸ್ ಟು ಫಿಟ್' ಆರಿಸಿ.

ಖಾಯಂ ಪರಿಹಾರ ಅಂದರೆ ಹೆಸರನ್ನೇ ತಿರುಗಿಸಿ ಬರೆಯುವುದು. ಬದಲಾಗುವ ಭಾಗ ಮುಂದೆ, ಎಲ್ಲದಕ್ಕೂ ಒಂದೇ ಆದ ಭಾಗ ಹಿಂದೆ. ನಮ್ಮಲ್ಲಿ ಮೊದಲು ತಾರೀಕು, ಆಮೇಲೆ ಊರು, ಆಮೇಲೆ ಪ್ರೂಫ್ (ಗಿರಾಕಿಗೆ ತೋರಿಸುವ ಕರಡು) ನಂಬರು, ಕೊನೆಗೆ ಎಂತ ಕೆಲಸ ಅಂತ. '2026-03-14 ಕಾಪು ಪ್ರೂಫ್ 02 ಮದುವೆ'. ಶ್ರೀಕಾರ ಪತ್ರಿಕೆಯ ಒಳಗೆ ಚಂದವಾಗಿ ಇರಲಿ, ಫೈಲ್ ಹೆಸರಿಗೆ ಬೇಡ. ದೇವರು ಬೇಜಾರು ಮಾಡಿಕೊಳ್ಳುವುದಿಲ್ಲ.

ತಾರೀಕಿನಲ್ಲಿ ವರ್ಷ ಮೊದಲು, ತಿಂಗಳು ಆಮೇಲೆ, ದಿನ ಕೊನೆಗೆ ಬರಲಿ. ನಾವು ಮಾತಿನಲ್ಲಿ ಹೇಳುವ ಹಾಗೆ 14-03-2026 ಅಂತ ಬರೆದರೆ ಹೆಸರಿನ ಪ್ರಕಾರ ಜೋಡಿಸುವಾಗ ಎಲ್ಲ ತಿಂಗಳ 14ನೇ ತಾರೀಕು ಒಟ್ಟಿಗೆ ಬಂದು ಕೂರುತ್ತದೆ. ವರ್ಷ ಮುಂದೆ ಇದ್ದರೆ ತಾನಾಗಿ ಕಾಲಕ್ರಮಕ್ಕೆ ಬರುತ್ತದೆ. ನಮ್ಮಲ್ಲಿ ಪರ್ಯಾಯ, ಅಂದರೆ ಕೃಷ್ಣ ಮಠದ ಪೂಜೆಯ ಸರದಿ ಬದಲಾಗುವುದು, ಎರಡು ವರ್ಷಕ್ಕೊಮ್ಮೆ ಜನವರಿಯಲ್ಲಿ. 2022ರಲ್ಲಿ ಕೃಷ್ಣಾಪುರ ಮಠದ್ದು, 2024ರಲ್ಲಿ ಪುತ್ತಿಗೆ, 2026ರಲ್ಲಿ ಶೀರೂರು. 'ಪರ್ಯಾಯ ಬ್ಯಾನರ್' ಅಂತ ಮಾತ್ರ ಹೆಸರಿಟ್ಟರೆ ಮೂರು ಪರ್ಯಾಯದ್ದೂ ಒಂದೇ. '2024-01 ಪರ್ಯಾಯ' ಅಂತ ಇದ್ದರೆ ಕೇಳುವುದೇ ಬೇಡ.

ಪ್ರೂಫ್ ನಂಬರಿಗೆ 02 ಅಂತ ಸೊನ್ನೆ ಹಾಕಿದ್ದು ಸುಮ್ನೆ ಅಲ್ಲ. ವಿಂಡೋಸ್ ಎಕ್ಸ್‌ಪಿ ಕಾಲದಿಂದ ಎಕ್ಸ್‌ಪ್ಲೋರರ್ 2ನ್ನು 10ರ ಮೊದಲೇ ಇಡುತ್ತದೆ, ಅದಕ್ಕೆ ಲೆಕ್ಕ ಗೊತ್ತು. ಎಲ್ಲ ಸಾಫ್ಟ್‌ವೇರಿಗೂ ಈ ಬುದ್ಧಿ ಇಲ್ಲ. ಅಕ್ಷರ ಅಕ್ಷರ ನೋಡಿ ಜೋಡಿಸುವ ಕಡೆ 1, 10, 11 ಆದ ಮೇಲೆ 2 ಬರುತ್ತದೆ. ಸೊನ್ನೆ ಇದ್ದರೆ ಎಲ್ಲೇ ತೆರೆದರೂ ಕ್ರಮ ಒಂದೇ.

ಹೆಸರು ಕನ್ನಡದಲ್ಲಿ ಇಡಬಹುದಾ ಅಂತ ಕೆಲವರಿಗೆ ಸಂಶಯ. ಧಾರಾಳವಾಗಿ ಇಡಿ, ಆದರೆ ಎಲ್ಲ ಕಂಪ್ಯೂಟರಿಗೂ ಅರ್ಥವಾಗುವ ಯೂನಿಕೋಡಿನಲ್ಲಿ ಟೈಪ್ ಮಾಡಿ. ಕನ್ನಡ ಟೈಪ್ ಮಾಡುವ 'ನುಡಿ' ಸಾಫ್ಟ್‌ವೇರಿನ ಹಳೆ ಫಾಂಟಿನಲ್ಲಿ ಟೈಪ್ ಮಾಡಿದ ಸಾಲನ್ನು ಹೆಸರಿನ ಜಾಗಕ್ಕೆ ಪೇಸ್ಟ್ ಮಾಡಿದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ ಕಾಣುತ್ತದೆ. ಪಟ್ಟಿಯಲ್ಲಿ ಬರುವುದು ವಿಂಡೋಸಿನ ಫಾಂಟ್, ನಿಮ್ಮ ಫಾಂಟ್ ಅಲ್ಲ. ಇನ್ನೊಂದು ವಿಷಯ: ಒತ್ತಕ್ಷರ ಜಾಸ್ತಿ ಇರುವ ಹೆಸರು ಸಣ್ಣ ಅಕ್ಷರದಲ್ಲಿ ಓದಲಿಕ್ಕೆ ಕಷ್ಟ. ಡಿಸ್‌ಪ್ಲೇ ಸೆಟ್ಟಿಂಗ್ಸಿನಲ್ಲಿ ಸ್ಕೇಲ್ 125 ಶೇಕಡಾ ಮಾಡಿ ನೋಡಿ. ವಿಂಡೋಸ್ 11ರಲ್ಲಿ ವ್ಯೂ ಮೆನುವಿನ 'ಕಾಂಪ್ಯಾಕ್ಟ್ ವ್ಯೂ' ಆನ್ ಮಾಡಿದರೆ ಸಾಲುಗಳು ಹತ್ತಿರ ಬಂದು ಜಾಸ್ತಿ ಫೈಲ್ ಕಾಣುತ್ತದೆ. ಎಳೆಯ ಕಣ್ಣಿಗೆ ಅದು ಒಳ್ಳೆಯದು. ನನ್ನ ವಯಸ್ಸಿನವರು ಆಫ್ ಮಾಡಿ ಇಡುವುದೇ ವಾಸಿ.

ಬಾಲ ತೋರಿಸಿ

ಫೈಲ್ ಹೆಸರಿನ ಕೊನೆಯ ಚುಕ್ಕಿ ಮತ್ತು ಮೂರು ನಾಲ್ಕು ಅಕ್ಷರವನ್ನು ವಿಂಡೋಸ್ ಅಡಗಿಸಿ ಇಡುತ್ತದೆ. ಇದನ್ನು ಯಾಕೆ ಮಾಡಿದರೋ, ನನಗೆ ಇಷ್ಟ ಇಲ್ಲ. ಒಂದೇ ಪತ್ರಿಕೆಗೆ ಸಿಡಿಆರ್ (ಕೋರೆಲಿನದ್ದು), ಪಿಡಿಎಫ್, ಜೆಪಿಜಿ ಮೂರು ಫೈಲ್ ಇರುತ್ತದೆ, ಮೂರರ ಹೆಸರೂ ಒಂದೇ. ಬೇರೆ ಮಾಡುವುದು ಆ ಬಾಲ ಒಂದೇ. ವಿಂಡೋಸ್ 11ರಲ್ಲಿ ವ್ಯೂ, ಆಮೇಲೆ ಶೋ, ಅಲ್ಲಿ 'ಫೈಲ್ ನೇಮ್ ಎಕ್ಸ್‌ಟೆನ್ಶನ್ಸ್'. ವಿಂಡೋಸ್ 10ರಲ್ಲಿ ವ್ಯೂ ಟ್ಯಾಬಿನಲ್ಲೇ ಟಿಕ್ ಮಾಡುವ ಜಾಗ ಉಂಟು. ಹೆಸರು ಬದಲಿಸುವಾಗ ಬಾಲ ಹೋಗಬಹುದು ಅನ್ನುವ ಹೆದರಿಕೆ ಬೇಡ. ಎಫ್2 ಒತ್ತಿದರೆ ಬಾಲ ಬಿಟ್ಟು ಹೆಸರು ಮಾತ್ರ ಆಯ್ಕೆ ಆಗುತ್ತದೆ.

ಬಾಲ ಕಾಣುವುದರಿಂದ ಇನ್ನೂ ಒಂದು ಲಾಭ ಉಂಟು. ಗಿರಾಕಿ ಪೆನ್‌ಡ್ರೈವ್ ಕೊಡುತ್ತಾರೆ, ಅದರಲ್ಲಿ 'ಫೋಟೊ.ಜೆಪಿಜಿ' ಅಂತ ಒಂದು ಫೈಲ್. ಬಾಲ ತೋರಿಸಿದಾಗ ಅದು 'ಫೋಟೊ.ಜೆಪಿಜಿ.ಇಎಕ್ಸ್ಇ' ಅಂತ ಇದ್ದರೆ ಅದು ಫೋಟೊ ಅಲ್ಲ, ಪ್ರೋಗ್ರಾಂ. ವೈರಸ್ ಇರಬಹುದು, ಮುಟ್ಟಬೇಡಿ.

ದೇವಸ್ಥಾನದ ಬ್ರಹ್ಮಕಲಶ ಅಂದರೆ ಸಾಮಾನ್ಯವಾಗಿ ಹನ್ನೆರಡು ವರ್ಷಕ್ಕೊಮ್ಮೆ. ಕಮಿಟಿಯವರು ಬಂದು "ಅಕ್ಕ, ಅದೇ ಹಿಂದಿನ ಸಲದ್ದು, ತಾರೀಕು ಬದಲಿಸಿದರೆ ಸಾಕು" ಅನ್ನುತ್ತಾರೆ. ಹಳೆ ಸಿಡಿ ಹಾಕಿ ನೋಡಿದರೆ ಎಲ್ಲದಕ್ಕೂ ಒಂದೇ ಬಿಳಿ ಕಾಗದದ ಐಕಾನ್. ಆಗ ಬಾಲವೇ ದಾರಿ. ಪಿ65 ಅಂತ ಇದ್ದರೆ ಪುಟ ಜೋಡಿಸುವ ಹಳೆ ಸಾಫ್ಟ್‌ವೇರ್ ಪೇಜ್‌ಮೇಕರ್ 6.5ರದ್ದು, ಪಿಎಂಡಿ ಇದ್ದರೆ 7ರದ್ದು. ಯಾವ ಸಾಫ್ಟ್‌ವೇರ್ ಹುಡುಕಬೇಕು ಅಂತ ಪಟ್ಟಿಯಲ್ಲೇ ಗೊತ್ತಾಯಿತು.

ಕೋರೆಲ್ ಬಳಸುವವರು ಒಂದು ಕಡೆ ಎಚ್ಚರ ಇರಬೇಕು. ಸೇವ್ ಮಾಡಿದಾಗ ಅದು 'ಬ್ಯಾಕಪ್_ಆಫ್_' ಅಂತ ಮುಂದೆ ಸೇರಿಸಿ ಹಿಂದಿನ ಪ್ರತಿಯನ್ನು ಅದೇ ಫೋಲ್ಡರಿನಲ್ಲಿ ಇಡುತ್ತದೆ. ಅದರ ಬಾಲವೂ ಸಿಡಿಆರ್, ಐಕಾನೂ ಅದೇ. ಅದರಲ್ಲಿ ಇರುವುದು ನೀವು ಕೊನೆಯ ತಿದ್ದುಪಡಿ ಮಾಡುವ ಮೊದಲಿನದ್ದು. ಇಂಥ ಫೋಲ್ಡರನ್ನು ಹೆಸರಿನ ಪ್ರಕಾರ ಜೋಡಿಸಿ. ಬ್ಯಾಕಪ್ಪುಗಳೆಲ್ಲ ಒಂದು ಕಡೆ ಹೋಗುತ್ತವೆ, ನಿಜವಾದದ್ದು ಬೇರೆ ಕಡೆ ಉಳಿಯುತ್ತದೆ.

ತಾರೀಕು ಅಂದರೆ ಯಾವ ತಾರೀಕು?

ಇದಕ್ಕೆ ಸ್ವಲ್ಪ ಸಮಯ ಕೊಡಿ. ವಿಂಡೋಸಿನಲ್ಲಿ ತಾರೀಕಿನ ಕಾಲಮ್ ಒಂದಲ್ಲ. 'ಡೇಟ್ ಮಾಡಿಫೈಡ್' ಅಂದರೆ ಫೈಲಿನ ಒಳಗೆ ಕೊನೆಯದಾಗಿ ತಿದ್ದಿದ ಹೊತ್ತು. 'ಡೇಟ್ ಕ್ರಿಯೇಟೆಡ್' ಅಂದರೆ ಆ ಫೈಲು ಈ ಜಾಗಕ್ಕೆ ಬಂದ ಹೊತ್ತು. 'ಡೇಟ್ ಟೇಕನ್' ಅಂದರೆ ಕ್ಯಾಮೆರಾ ಫೋಟೊ ತೆಗೆದ ಹೊತ್ತು. ಪೆನ್‌ಡ್ರೈವಿನಿಂದ ಕಾಪಿ ಮಾಡಿದರೆ ಕ್ರಿಯೇಟೆಡ್ ಇವತ್ತಿನದ್ದಾಗುತ್ತದೆ, ಮಾಡಿಫೈಡ್ ಹಳೆಯದೇ ಉಳಿಯುತ್ತದೆ. ಅಂದರೆ ಫೈಲು ಹುಟ್ಟುವ ಮೊದಲೇ ಅದನ್ನು ತಿದ್ದಿದ ಹಾಗೆ ಕಾಣಬಹುದು! ಗಾಬರಿ ಬೇಡ.

ಯಾವ ಪ್ರೂಫ್ ಕೊನೆಯದು ಅಂತ ನೋಡಲಿಕ್ಕೆ ಮಾಡಿಫೈಡ್ ನೋಡಿ. ಗಿರಾಕಿ ಇವತ್ತು ಕೊಟ್ಟದ್ದು ಯಾವುದು ಅಂತ ನೋಡಲಿಕ್ಕೆ ಕ್ರಿಯೇಟೆಡ್ ನೋಡಿ. ಎರಡೂ ಕಾಲಮ್ ಪಕ್ಕಪಕ್ಕ ಇಟ್ಟುಕೊಳ್ಳಿ. ಕಾಲಮ್ ಹೆಸರಿನ ಮೇಲೆ ರೈಟ್ ಕ್ಲಿಕ್ ಮಾಡಿದರೆ ಪಟ್ಟಿ ಬರುತ್ತದೆ, ಬೇಕಾದದ್ದಕ್ಕೆ ಟಿಕ್ ಮಾಡಿ. ಅಲ್ಲಿ ಇಲ್ಲದಿದ್ದರೆ ಕೆಳಗೆ 'ಮೋರ್' ಒತ್ತಿ. ವಾಟ್ಸಾಪಿನಲ್ಲಿ ಬಂದ ಫೋಟೊಗೆ ಡೇಟ್ ಟೇಕನ್ ಖಾಲಿ ಇರುತ್ತದೆ, ಆ ವಿವರ ದಾರಿಯಲ್ಲೇ ಹೋಗಿರುತ್ತದೆ. ಅದರ ಹೆಸರಿನಲ್ಲಿ ಇರುವ ತಾರೀಕು ವಾಟ್ಸಾಪಿನದ್ದು, ಕ್ಯಾಮೆರಾದ್ದಲ್ಲ.

03-04-2025 ಅಂದರೆ ನಮಗೆ ಏಪ್ರಿಲ್ 3. ಅಮೆರಿಕದ ಸೆಟ್ಟಿಂಗಿನಲ್ಲೇ ಬಂದ ಕಂಪ್ಯೂಟರಿಗೆ ಅದು ಮಾರ್ಚ್ 4. ಪಟ್ಟಿಯಲ್ಲಿ ಈ ಗೊಂದಲ ಇರಲೇಬಾರದು. ಕಂಟ್ರೋಲ್ ಪ್ಯಾನೆಲಿನಲ್ಲಿ ರೀಜನ್ ತೆರೆದು, ಅಡಿಷನಲ್ ಸೆಟ್ಟಿಂಗ್ಸಿನ ಡೇಟ್ ಟ್ಯಾಬಿನಲ್ಲಿ ಶಾರ್ಟ್ ಡೇಟ್ ಜಾಗದಲ್ಲಿ ಸಣ್ಣ ಡಿ ಎರಡು, ದೊಡ್ಡ ಎಂ ಮೂರು, ಸಣ್ಣ ವೈ ನಾಲ್ಕು, ನಡುವೆ ಅಡ್ಡಗೆರೆ ಹಾಕಿ ಟೈಪ್ ಮಾಡಿ. ಆಮೇಲೆ ತಿಂಗಳು ಅಂಕಿಯ ಬದಲು ಅಕ್ಷರದಲ್ಲಿ ಬರುತ್ತದೆ, ಜಗಳವೇ ಇಲ್ಲ. ಕೆಲವು ಮೊಬೈಲ್ ಆ್ಯಪಿನಲ್ಲಿ 'ನಿನ್ನೆ', '2 ದಿನ ಹಿಂದೆ' ಅಂತ ತೋರಿಸುವುದುಂಟು. ನೋಡಲಿಕ್ಕೆ ಚಂದ. ಒಂದೇ ದಿನ ಮೂರು ಪ್ರೂಫ್ ಹೋದಲ್ಲಿ ಮಾತ್ರ ನಿಮಿಷ ಕಾಣದ ತಾರೀಕು ಯಾವ ಉಪಯೋಗಕ್ಕೂ ಇಲ್ಲ.

ಫೋಲ್ಡರ್ ತಾನೇ ವೇಷ ಬದಲಿಸುವುದು

ನಿನ್ನೆ ಸರಿ ಇದ್ದ ಫೋಲ್ಡರಿನಲ್ಲಿ ಇವತ್ತು ಬೇರೆ ಕಾಲಮ್ಮುಗಳು ಬಂದಿರುತ್ತವೆ. ಯಾರೂ ಮುಟ್ಟಿದ್ದಲ್ಲ. ಒಳಗೆ ಇರುವ ಫೈಲುಗಳನ್ನು ನೋಡಿ ವಿಂಡೋಸ್ ಇದು ಫೋಟೊ ಫೋಲ್ಡರ್, ಇದು ಹಾಡಿನ ಫೋಲ್ಡರ್ ಅಂತ ತಾನೇ ತೀರ್ಮಾನ ಮಾಡುತ್ತದೆ. ಯಕ್ಷಗಾನದ ಆಡಿಯೋ ತುಂಬಿದ ಫೋಲ್ಡರ್ ತೆರೆದರೆ ಟೈಟಲ್, ಆಲ್ಬಮ್, 'ಕಾಂಟ್ರಿಬ್ಯೂಟಿಂಗ್ ಆರ್ಟಿಸ್ಟ್ಸ್' ಅಂತೆಲ್ಲ ಕಾಲಮ್. ಪದ ಹಾಡಿದ ಭಾಗವತರ ಹೆಸರು ಅಲ್ಲಿ ಇರುವುದಿಲ್ಲ, ಕಾಲಮ್ ಖಾಲಿ. ನಮಗೆ ಬೇಕಾದ ತಾರೀಕು, ಸೈಜ್ ಮಾತ್ರ ಮಾಯ.

ಫೋಲ್ಡರಿನ ಮೇಲೆ ರೈಟ್ ಕ್ಲಿಕ್ ಮಾಡಿ ಪ್ರಾಪರ್ಟೀಸ್, ಅದರಲ್ಲಿ ಕಸ್ಟಮೈಜ್ ಟ್ಯಾಬ್ ತೆರೆಯಿರಿ. 'ಆಪ್ಟಿಮೈಜ್ ದಿಸ್ ಫೋಲ್ಡರ್ ಫಾರ್' ಅನ್ನುವಲ್ಲಿ 'ಜನರಲ್ ಐಟಮ್ಸ್' ಇಟ್ಟು ಕೆಳಗಿನ ಟಿಕ್ಕನ್ನೂ ಹಾಕಿ. ಒಳಗಿನ ಫೋಲ್ಡರುಗಳಿಗೂ ಅದೇ ಆಗುತ್ತದೆ. ಆಮೇಲೆ ಒಂದು ಫೋಲ್ಡರಿನಲ್ಲಿ ಕಾಲಮ್ಮುಗಳನ್ನು ನಿಮಗೆ ಬೇಕಾದ ಹಾಗೆ ಜೋಡಿಸಿಕೊಳ್ಳಿ. ಮೂರು ಚುಕ್ಕಿಯ ಮೆನುವಿನಿಂದ (ವಿಂಡೋಸ್ 10ರಲ್ಲಿ ವ್ಯೂ ಟ್ಯಾಬಿನಿಂದ) ಆಪ್ಶನ್ಸ್, ಅಲ್ಲಿ ವ್ಯೂ ಟ್ಯಾಬ್, 'ಅಪ್ಲೈ ಟು ಫೋಲ್ಡರ್ಸ್'. ಅದೇ ಜಾತಿಯ ಎಲ್ಲ ಫೋಲ್ಡರಿಗೂ ಈ ಜೋಡಣೆ ಹೋಗುತ್ತದೆ. ನಾವು ಈ ಕೆಲಸ ಆಟಿ ತಿಂಗಳಲ್ಲಿ ಮಾಡುತ್ತೇವೆ. ಆಗ ಮದುವೆಯೂ ಇಲ್ಲ, ನೇಮವೂ ಇಲ್ಲ, ಹೊರಗೆ ಮಳೆ.

ಡೌನ್‌ಲೋಡ್ಸ್ ಫೋಲ್ಡರಿನಲ್ಲಿ 'ಟುಡೇ', 'ಲಾಸ್ಟ್ ವೀಕ್' ಅಂತ ಗುಂಪು ಗುಂಪಾಗಿ ಕಾಣುವುದು ನಿಮಗೆ ಬೇಡವಾದರೆ ಖಾಲಿ ಜಾಗದಲ್ಲಿ ರೈಟ್ ಕ್ಲಿಕ್ ಮಾಡಿ 'ಗ್ರೂಪ್ ಬೈ' ಒಳಗೆ 'ನನ್' ಮಾಡಿ. ಅಲ್ಲಿ ಮಾತ್ರ ನಾನು ಗುಂಪು ಹಾಗೆಯೇ ಬಿಟ್ಟಿದ್ದೇನೆ. ಇವತ್ತು ಬಂದದ್ದು ಮೇಲೆಯೇ ಸಿಗುತ್ತದೆ.

ಸರ್ಚ್ ಮಾಡಿದಾಗ ಬರುವ ಪಟ್ಟಿಗೂ ಇದೇ ಲೆಕ್ಕ. 'ಆಮಂತ್ರಣ' ಅಂತ ಹುಡುಕಿದರೆ ಅದೇ ಹೆಸರಿನದ್ದು ಹತ್ತಾರು ಬರುತ್ತದೆ, ಬೇರೆ ಮಾಡುವುದು ಅದು ಇರುವ ಜಾಗ. ಡೀಟೇಲ್ಸ್ ಮಾಡಿ 'ಫೋಲ್ಡರ್ ಪಾತ್' ಕಾಲಮ್ ಸೇರಿಸಿ.

ಸೈಜ್, ಪಿಕ್ಸೆಲ್

ಡೀಟೇಲ್ಸಿನಲ್ಲಿ ಸೈಜ್ ಯಾವಾಗಲೂ ಕೆಬಿಯಲ್ಲಿ. 1,02,400 ಕೆಬಿ ಅಂದರೆ 100 ಎಂಬಿ. ಅಂದಾಜಿಗೆ ಕೊನೆಯ ಮೂರು ಅಂಕಿ ಬಿಟ್ಟು ಓದಿದರೆ ಎಂಬಿ ಸಿಗುತ್ತದೆ. ಜಿಮೇಲಿನಲ್ಲಿ ಲಗತ್ತಿಸಲಿಕ್ಕೆ 25 ಎಂಬಿ ಮಿತಿ. ಅದಕ್ಕೆ ಮೇಲಿನದ್ದು ಯಾವುದು ಅಂತ ಸೈಜ್ ಕಾಲಮ್ ಒತ್ತಿ ಜೋಡಿಸಿದರೆ ಕಾಣುತ್ತದೆ. 0 ಕೆಬಿ ಅಂತ ಇದ್ದರೆ ಹೆಸರು ಮಾತ್ರ ಬಂದಿದೆ, ಒಳಗೆ ಏನೂ ಇಲ್ಲ. ಗಿರಾಕಿ ಎದುರಿಗೆ ಇರುವಾಗಲೇ ಇದನ್ನು ನೋಡಿಬಿಡಿ.

ಪ್ರಿಂಟಿಗೆ ಸೈಜಿಗಿಂತ ಮುಖ್ಯ 'ಡೈಮೆನ್ಶನ್ಸ್' ಕಾಲಮ್, ಅಂದರೆ ಚಿತ್ರದ ಅಗಲ, ಎತ್ತರ ಎಷ್ಟು ಚುಕ್ಕಿ (ಪಿಕ್ಸೆಲ್) ಅಂತ. ಒಂದೇ ಫೋಟೊ ಕ್ಯಾಮೆರಾದಿಂದ 6000 × 4000 ಅಂತ ಒಂದು, ವಾಟ್ಸಾಪಿನಿಂದ 1600 × 1067 ಅಂತ ಇನ್ನೊಂದು ಇರಬಹುದು. ಚಿತ್ರದಲ್ಲಿ ನೋಡಿದರೆ ಎರಡೂ ಒಂದೇ. ಇಂಚಿಗೆ 300 ಚುಕ್ಕಿ ಲೆಕ್ಕದಲ್ಲಿ ಮೊದಲನೆಯದು 20 ಇಂಚು ಅಗಲಕ್ಕೆ ಚೊಕ್ಕ ಬರುತ್ತದೆ, ಎರಡನೆಯದು ಐದೂಕಾಲು ಇಂಚಿಗೆ ಮುಗಿಯಿತು. ಸಣ್ಣದು ಕಂಡರೆ "ಡಾಕ್ಯುಮೆಂಟ್ ಆಗಿ ಕಳಿಸಿ ಮಾರಾಯ್ರೆ" ಅಂತ ಫೋನ್ ಮಾಡಿ. ಹಾಗೆ ಕಳಿಸಿದರೆ ವಾಟ್ಸಾಪ್ ಕುಗ್ಗಿಸುವುದಿಲ್ಲ.

ಎಕ್ಸ್‌ಪ್ಲೋರರ್ ಫೋಲ್ಡರಿನ ಸೈಜ್ ಮಾತ್ರ ತೋರಿಸುವುದಿಲ್ಲ, ಆ ಜಾಗ ಖಾಲಿ. ಒಂದೊಂದಕ್ಕೆ ಆಲ್ಟ್ ಮತ್ತು ಎಂಟರ್ ಒತ್ತಿ ನೋಡಬಹುದು. ಡಿಸ್ಕ್ ಭರ್ತಿಯಾದಾಗ ಹಾಗೆ ನೋಡುತ್ತಾ ಕೂತರೆ ಸಂಜೆ ಆಗುತ್ತದೆ. ಅದಕ್ಕೆ ವಿನ್‌ಡಿರ್‌ಸ್ಟ್ಯಾಟ್ ಅನ್ನುವ ಉಚಿತ ಸಾಫ್ಟ್‌ವೇರ್ ಉಂಟು. ಇಡೀ ಡಿಸ್ಕನ್ನು ಬಣ್ಣದ ಚೌಕಗಳಾಗಿ ತೋರಿಸುತ್ತದೆ, ದೊಡ್ಡ ಫೈಲಿಗೆ ದೊಡ್ಡ ಚೌಕ. ಈ ರೀತಿಯ ಚಿತ್ರವನ್ನು 1990ರ ಸುಮಾರಿಗೆ ಅಮೆರಿಕದ ಮೇರಿಲ್ಯಾಂಡ್ ವಿಶ್ವವಿದ್ಯಾಲಯದ ಬೆನ್ ಶ್ನೈಡರ್‌ಮನ್ ಯೋಚಿಸಿದ್ದು. ಅವರ ಪ್ರಯೋಗಾಲಯದಲ್ಲಿ 14 ಜನ ಹಂಚಿಕೊಂಡಿದ್ದ 80 ಎಂಬಿಯ ಡಿಸ್ಕ್ ಪದೇಪದೇ ತುಂಬುತ್ತಿತ್ತು. ಜಾಗ ತಿಂದದ್ದು ಯಾವುದು ಅಂತ ಒಂದೇ ನೋಟಕ್ಕೆ ಕಾಣಬೇಕಿತ್ತು. 80 ಎಂಬಿ! ಈಗ ನಮ್ಮ ಒಂದು ಬ್ಯಾನರ್ ಫೈಲಿಗೆ ಅಷ್ಟು ಸಾಲುವುದಿಲ್ಲ.

ಮ್ಯಾಕ್ ಇದ್ದವರಿಗೆ

ಮ್ಯಾಕಿನಲ್ಲಿ ಎಕ್ಸ್‌ಪ್ಲೋರರಿನ ಕೆಲಸ ಮಾಡುವ ಫೈಂಡರಿನಲ್ಲಿ ಉದ್ದ ಹೆಸರನ್ನು ನಡುವಿನಲ್ಲಿ ಕತ್ತರಿಸುತ್ತಾರೆ, ಹಾಗಾಗಿ ಕೊನೆಯ ನಂಬರ್ ಉಳಿಯುತ್ತದೆ. ಇದು ನನಗೆ ಹೆಚ್ಚು ಸರಿ ಕಾಣುತ್ತದೆ. ಲಿಸ್ಟ್ ವ್ಯೂನಲ್ಲಿ ಕಮಾಂಡ್ ಮತ್ತು ಜೆ ಒತ್ತಿದರೆ ಕಾಲಮ್ ಆರಿಸುವ ಕಿಟಕಿ ಬರುತ್ತದೆ. ಅಲ್ಲೇ 'ಕ್ಯಾಲ್ಕ್ಯುಲೇಟ್ ಆಲ್ ಸೈಜಸ್' ಟಿಕ್ ಮಾಡಿದರೆ ಫೋಲ್ಡರಿನ ಸೈಜೂ ಕಾಣುತ್ತದೆ.

ಮ್ಯಾಕಿನಿಂದ ಬಂದ ಫೈಲ್ ನಮ್ಮಲ್ಲಿ ಸಣ್ಣದಾಗಿ ಕಂಡರೆ ಕಾಪಿ ಅರ್ಧ ಆಯಿತು ಅಂತ ಮತ್ತೆ ತರಿಸಬೇಡಿ. 2009ರಿಂದ ಮ್ಯಾಕ್ ಒಂದು ಕೆಬಿಗೆ ಸಾವಿರ ಬೈಟಿನ ಲೆಕ್ಕ ಹಿಡಿದಿದೆ, ವಿಂಡೋಸ್ 1024ರ ಲೆಕ್ಕದಲ್ಲೇ ಉಳಿದಿದೆ. ಅಲ್ಲಿನ 100 ಎಂಬಿ ಇಲ್ಲಿ 95.4 ಅಂತ ಕಾಣುತ್ತದೆ. ಹೊಸ 1 ಟಿಬಿ ಹಾರ್ಡ್ ಡಿಸ್ಕ್ ವಿಂಡೋಸಿನಲ್ಲಿ 931 ಜಿಬಿ ಅಂತ ಬರುವುದೂ ಇದೇ ಕಾರಣಕ್ಕೆ. ಸಂಶಯ ಇದ್ದರೆ ವಿಂಡೋಸಿನ ಪ್ರಾಪರ್ಟೀಸಿನಲ್ಲಿ, ಮ್ಯಾಕಿನ ಗೆಟ್ ಇನ್ಫೋದಲ್ಲಿ ಬೈಟ್ಸ್ ಅಂತ ಪೂರ್ತಿ ಸಂಖ್ಯೆ ಇರುತ್ತದೆ. ಎರಡೂ ಕಡೆ ಆ ಸಂಖ್ಯೆ ಒಂದೇ ಇದ್ದರೆ ಫೈಲ್ ಪೂರ್ತಿ ಬಂದಿದೆ.